ಎಲೆಕ್ಟ್ರಿಕ್ ಗಿಟಾರ್ ಹಿಡಿಯುವ ಮೊದಲು, ಹಿಡಿದ ಮೇಲೆ: ಬೆಳಗಾವಿ ಕಡೆಯವರಿಗೆ ಒಂದು ಮಾರ್ಗದರ್ಶಿ

"ಮೊದಲು ಅಕೌಸ್ಟಿಕ್ ಕಲಿತು ಆಮೇಲೆ ಎಲೆಕ್ಟ್ರಿಕ್‌ಗೆ ಹೋಗಬೇಕಲ್ರೀ?" ಹೊಸಬರು ಕೇಳುವ ಮೊದಲ ಪ್ರಶ್ನೆ ಇದು. ಹಾಗೇನೂ ಇಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ತೆಳು, ಒತ್ತೋದಕ್ಕೆ ಬಲ ಕಡಿಮೆ ಸಾಕು, ಬೆರಳ ತುದಿ ಬೇಗ ಹೊಂದಿಕೊಳ್ಳುತ್ತದೆ. ನಿಮ್ಮ ಕಿವಿಗೆ ಎಲೆಕ್ಟ್ರಿಕ್ ಸದ್ದೇ ಇಷ್ಟ ಅಂದರೆ ನೇರ ಅದರಿಂದಲೇ ಶುರು ಮಾಡಿ.

ಎರಡನೇ ಪ್ರಶ್ನೆ ಸ್ವಲ್ಪ ದಿನ ಬಿಟ್ಟು ಬರುತ್ತದೆ, ಅದೂ ಚಹಾದಂಗಡಿ ಮುಂದೆ: "ಎಲ್ಲರಿಗಿಂತ ದೊಡ್ಡ ಗಿಟಾರಿಸ್ಟ್ ಯಾರು?" ಈ ವಾದದಲ್ಲಿ ಗಂಟೆಗಟ್ಟಲೆ ಕಳೆಯುವವರಿದ್ದಾರೆ. ಅದು ಪೂರ್ತಿ ದಂಡ ಅಂತ ನಾನು ಹೇಳೋದಿಲ್ಲ. ಗಿಟಾರ್ ಕೈಯಲ್ಲಿಟ್ಟುಕೊಂಡು ವಾದ ಮಾಡಿದರೆ ಅದೂ ರಿಯಾಜೇ. ಜೊತೆಗೆ ನಮ್ಮ ಕಡೆಯವರಿಗೆ ಒಂದು ಲಾಭ ಇದೆ. ಹಿಂದೂಸ್ತಾನಿ ಸಂಗೀತ ಮನೆಯ ಹಿತ್ತಲವರೆಗೂ ಕೇಳಿಸುವ ಸೀಮೆ ಇದು. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಯಾರೂ ಹೇಳಿಕೊಡದಿದ್ದರೂ ನಮ್ಮ ಕಿವಿಗೆ ಗೊತ್ತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅತಿ ಕಷ್ಟದ ಕೆಲಸವೂ ಅದೇ: ತಂತಿ ಎಳೆದು ಸ್ವರವನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವುದು. ಹೆಚ್ಚಿನ ಗಿಟಾರ್ ಪಾಠಗಳು ಇದನ್ನು ತೀರಾ ತಡವಾಗಿ ಕಲಿಸುತ್ತವೆ. ನಾನು ಬೇಗ ಕಲಿಯಿರಿ ಅನ್ನುತ್ತೇನೆ.

ಯಾವುದನ್ನು ಕೊಳ್ಳಬೇಕು

ಹೊಸ ಗಿಟಾರಿಗೆ ಹೆಚ್ಚೂಕಡಿಮೆ 12ರಿಂದ 20 ಸಾವಿರ ರೂಪಾಯಿ ಇಟ್ಟುಕೊಳ್ಳಿ. ಯಮಾಹಾ ಪೆಸಿಫಿಕಾ 012, ಸ್ಕ್ವಾಯರ್ ಸ್ಟ್ರಾಟ್, ಐಬನೇಜ್, ಕಾರ್ಟ್ ಕಂಪನಿಗಳ ಶುರುವಿನ ಮಾಡೆಲ್‌ಗಳು ಸಾಕು. ತೀರಾ ಅಗ್ಗದ, ಎಲ್ಲ ಒಂದೇ ಡಬ್ಬದಲ್ಲಿ ಬರುವ ಕಿಟ್ ಬೇಡ. ಅದರ ಕಿವಿ (ತಂತಿ ಬಿಗಿಯುವ ಗೂಟ) ತಿರುಗಿಸಿದಷ್ಟೂ ಸಡಿಲವಾಗುತ್ತಿದ್ದರೆ ಶ್ರುತಿ ನಿಲ್ಲೋದಿಲ್ಲ, ಶ್ರುತಿ ನಿಲ್ಲದಿದ್ದರೆ ನಿಮ್ಮ ಉತ್ಸಾಹವೂ ನಿಲ್ಲೋದಿಲ್ಲ.

ಪಿಕಪ್ ಅಂದರೆ ತಂತಿಯ ಕೆಳಗಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ (ಆಂಪ್) ಅದನ್ನು ದೊಡ್ಡದು ಮಾಡುತ್ತದೆ. ಒಂದೇ ಸುರುಳಿಯದು ಸಿಂಗಲ್ ಕಾಯಿಲ್. ಸದ್ದು ಚುರುಕು, ಆದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಎಳೆದುಕೊಳ್ಳುತ್ತದೆ. ಎರಡು ಸುರುಳಿ ಜೋಡಿಸಿ ಆ ಗುಂಯ್ ಅನ್ನು ರದ್ದು ಮಾಡುವುದು ಹಂಬಕರ್. ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಇದನ್ನು ರೂಪಿಸಿದರು. ಎರಡು ಸಿಂಗಲ್, ಬ್ರಿಜ್ (ಮೈ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಒಂದು ಹಂಬಕರ್ ಇರುವ ಗಿಟಾರ್ ಸಿಕ್ಕರೆ ಎಲ್ಲ ಬಗೆಯ ಸಂಗೀತಕ್ಕೂ ಆಗುತ್ತದೆ. ಫ್ಲಾಯ್ಡ್ ರೋಸ್ ಅನ್ನುವ ತೇಲುವ ಬ್ರಿಜ್ ಇರುವ ಗಿಟಾರ್ ಮಾತ್ರ ಈಗಲೇ ಬೇಡ. ಅದರಲ್ಲಿ ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ.

ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬೇಕಾದಷ್ಟಿವೆ. ಫೈನಲ್ ಇಯರ್ ಮುಗಿಸಿ ರೂಮು ಖಾಲಿ ಮಾಡುವ ಹುಡುಗರು ಗಿಟಾರ್ ಹೊತ್ತು ಊರಿಗೆ ಹೋಗೋದು ಕಡಿಮೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಹಾಸ್ಟೆಲ್ ಕಡೆ ಕಿವಿ ಇಟ್ಟಿರಿ.

ನೋಡುವಾಗ ಬಣ್ಣ ಆಮೇಲೆ. ನೆಕ್ ಅಂದರೆ ಗಿಟಾರಿನ ಉದ್ದ ಕತ್ತು, ಫ್ರೆಟ್ ಅಂದರೆ ಅದರ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, 7ನೇ ಫ್ರೆಟ್ಟಿನ ಹತ್ತಿರ, ತಂತಿಗೂ ಫ್ರೆಟ್ಟಿಗೂ ಒಂದು ತೆಳು ಸಂದು ಕಾಣಬೇಕು, ಸುಮಾರು ಕಾಲು ಮಿಲಿಮೀಟರ್. ಏನೂ ಇಲ್ಲದಿದ್ದರೆ ಅಥವಾ ಬೆರಳು ತೂರುವಷ್ಟು ಇದ್ದರೆ ನೆಕ್ ಬಾಗಿದೆ. ಸ್ವಲ್ಪ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು, ತಿರುಚಿಕೊಂಡಿದ್ದರೆ ಬಿಟ್ಟುಬಿಡಿ. ಒತ್ತದೆ ಬಿಟ್ಟಾಗ 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ 2 ಮಿ.ಮೀ., ತೆಳು ತಂತಿ 1.5 ಮಿ.ಮೀ. ಆಸುಪಾಸಿನ ಎತ್ತರದಲ್ಲಿದ್ದರೆ ಚೆನ್ನ. ಆಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ನುಡಿಸಿ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ತಂಬೂರಿಯಲ್ಲಿ ಜವಾರಿಯ (ತಂತಿ ಕೂರುವ ಕುದುರೆಯನ್ನು ಉಜ್ಜಿ ತರುವ) ಝೇಂಕಾರ ಬೇಕೇ ಬೇಕು, ಮಿರಜದ ಕಾರಿಗರು ಅದಕ್ಕಾಗಿ ಎಷ್ಟೋ ಹೊತ್ತು ಕೂರುತ್ತಾರೆ. ಗಿಟಾರಿನಲ್ಲಿ ಫ್ರೆಟ್ಟಿಗೆ ತಂತಿ ತಾಗಿ ಬರುವ ಝೇಂಕಾರ ದೋಷ.

ಆಂಪ್ 10ರಿಂದ 20 ವಾಟ್ ಇದ್ದರೆ ಮನೆಗೆ ಜಾಸ್ತಿಯೇ ಆಯಿತು. ಹೆಡ್‌ಫೋನ್ ಹಾಕುವ ಜಾಗ ಇದೆಯಾ ನೋಡಿ. ಗಲ್ಲಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯಾದರೆ, ಪಕ್ಕದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ, ಈ ಒಂದು ತೂತೇ ನಿಮ್ಮ ಮಾನ ಕಾಯುತ್ತದೆ.

ಅರ್ಥಿಂಗ್

ಇದನ್ನು ಹಾರಿಸಿ ಓದಬೇಡಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹದ ಮೈಗೆ, ಅಲ್ಲಿಂದ ಮೂರು ಪಿನ್ನಿನ ಪ್ಲಗ್ ಮೂಲಕ ಮನೆಯ ಅರ್ಥಿಂಗ್‌ಗೆ ಸೇರಿರುತ್ತವೆ. ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಗಾಬರಿ ಬೇಡ, ಅದು ಸಹಜ. ಆದರೆ ಮುಟ್ಟಿದಾಗ ಜುಮ್ ಅಂದರೆ ತಕ್ಷಣ ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್‌ನ ಕರೆಸಿ. ಹಳೆಯ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರು ಇರೋದಿಲ್ಲ. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಕೆಲಸ ಸಾಗಿಸಲೇಬೇಡಿ. 1972ರಲ್ಲಿ ಸ್ಕಾಟ್ಲೆಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ ವೇಲ್ಸಿನ ಸ್ವಾನ್‌ಸೀಯಲ್ಲಿ ವೇದಿಕೆಯ ಮೇಲೆ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಸತ್ತರು. ಗಣಪತಿ ಪೆಂಡಾಲಿನಲ್ಲಿ, ಮಳೆಯಲ್ಲಿ ಒದ್ದೆಯಾದ ನೆಲದ ಮೇಲೆ ನುಡಿಸುವ ಅವಕಾಶ ಬಂದಾಗ ಈ ಹೆಸರು ನೆನಪಿರಲಿ.

ಶ್ರುತಿ

ಆರು ತಂತಿಗಳ ಸ್ವರಗಳ ಇಂಗ್ಲಿಷ್ ಹೆಸರು, ದಪ್ಪ ತಂತಿಯಿಂದ ತೆಳುವಿಗೆ: ಇ, ಎ, ಡಿ, ಜಿ, ಬಿ, ಇ. ಮೊಬೈಲ್ ಟ್ಯೂನರ್ ಸಾಕು. ಆದರೆ ವಾರಕ್ಕೊಮ್ಮೆಯಾದರೂ ಕಿವಿಯಿಂದಲೇ ಮಾಡಿ. ಒಂದು ತಂತಿಯ 5ನೇ ಫ್ರೆಟ್ ಒತ್ತಿದರೆ ಬರುವ ಸ್ವರವೇ ಮುಂದಿನ ತಂತಿಯನ್ನು ಒತ್ತದೆ ನುಡಿಸಿದಾಗಿನ ಸ್ವರ. ಜಿ ತಂತಿಯಿಂದ ಬಿ ತಂತಿಗೆ ಮಾತ್ರ 4ನೇ ಫ್ರೆಟ್. ಎರಡೂ ಒಟ್ಟಿಗೆ ನುಡಿಸಿದಾಗ ಸದ್ದು ಅಲೆಯಲೆಯಾಗಿ ನಡುಗುತ್ತದೆ. ಶ್ರುತಿ ಹತ್ತಿರ ಬಂದಂತೆ ಅಲೆ ನಿಧಾನವಾಗಿ, ಕೂಡಿದಾಗ ನಿಂತೇಬಿಡುತ್ತದೆ. ಈ ಅಲೆ ಕೇಳಲು ಕಲಿತ ಕಿವಿ ಮುಂದೆ ತಂತಿ ಎಳೆಯುವಾಗ ಬಹಳ ಕೆಲಸಕ್ಕೆ ಬರುತ್ತದೆ.

ಮೊದಲ ತಿಂಗಳು: ಸದ್ದು ನಿಲ್ಲಿಸುವುದು

ಎಲ್ಲರೂ ಸದ್ದು ಮಾಡುವುದನ್ನು ಕಲಿಯುತ್ತಾರೆ. ಎಲೆಕ್ಟ್ರಿಕ್‌ನಲ್ಲಿ ಅರ್ಧ ವಿದ್ಯೆ ಸದ್ದು ನಿಲ್ಲಿಸುವುದರಲ್ಲಿದೆ. ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವುದು) ಹಾಕಿದ ಕೂಡಲೇ ನೀವು ನುಡಿಸದ ಐದು ತಂತಿಗಳೂ ಮಾತಾಡೋಕೆ ಶುರು ಮಾಡುತ್ತವೆ. ಬಲ ಅಂಗೈಯ ಅಂಚನ್ನು ಬ್ರಿಜ್ ಹತ್ತಿರ ದಪ್ಪ ತಂತಿಗಳ ಮೇಲೆ ಇಡಿ. ಎಡಗೈಯ ತೋರುಬೆರಳು ಒತ್ತಿದ ತಂತಿಯ ಕೆಳಗಿನ ತಂತಿಗಳನ್ನು ಹಗುರವಾಗಿ ಮುಟ್ಟಿಕೊಂಡಿರಲಿ. ಹೀಗೆ ಒಂದೇ ಒಂದು ಸ್ವರ ಸ್ವಚ್ಛವಾಗಿ ಬರುವವರೆಗೆ ಮುಂದೆ ಹೋಗಬೇಡಿ.

ಬೆರಳನ್ನು ಫ್ರೆಟ್ಟಿನ ಮೇಲೆ ಅಲ್ಲ, ಅದರ ಹಿಂದೆ ತಾಗಿದಂತೆ ಇಟ್ಟರೆ ಕಡಿಮೆ ಒತ್ತಡ ಸಾಕು. ತಂತಿ 9–42 ಅಳತೆಯದು (ತೆಳು ತಂತಿ ಇಂಚಿನ ಸಾವಿರದ 9 ಭಾಗ, ದಪ್ಪದ್ದು 42) ಇರಲಿ. ದಿನಾ ಅರ್ಧ ಗಂಟೆ ಕೂತರೆ ಭಾನುವಾರ ನಾಲ್ಕು ಗಂಟೆ ಕೂತದ್ದಕ್ಕಿಂತ ಜಾಸ್ತಿ ಬರುತ್ತದೆ. ಕರೆಂಟ್ ಹೋದರೆ ನೆಪ ಆಗಲ್ಲ. ಪ್ಲಗ್ ಇಲ್ಲದೆಯೂ ಈ ಗಿಟಾರ್ ನಿಮ್ಮ ಕಿವಿಗೆ ಕೇಳುವಷ್ಟು ನುಡಿಯುತ್ತದೆ.

ಹನ್ನೆರಡು ಬಾರ್, ಮೂರು ಆವರ್ತನ

ಬ್ಲೂಸ್ ಸಂಗೀತದ ಹನ್ನೆರಡು ಬಾರಿನ ಚೌಕಟ್ಟು ರಾಕ್‌ಗೆ ತಾಯಿಬೇರು. ಬಾರಿಗೆ ನಾಲ್ಕು ಮಾತ್ರೆಯಂತೆ ಒಟ್ಟು 48 ಮಾತ್ರೆ. ತಬಲಾ ಕೇಳಿದವರಿಗೆ ಲೆಕ್ಕ ತಟ್ಟನೆ ಹೊಳೆಯುತ್ತದೆ: ಹದಿನಾರು ಮಾತ್ರೆಯ ತೀನ್‌ತಾಲದ ಮೂರು ಆವರ್ತನ (ಸುತ್ತು). ಮೊದಲ ಆವರ್ತನ ಪೂರ್ತಿ ಎ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಎರಡನೆಯದರಲ್ಲಿ ಡಿ, ಡಿ, ಎ, ಎ. ಮೂರನೆಯದರಲ್ಲಿ ಇ, ಡಿ, ಎ, ಇ. ಹೊಸ ಕಾರ್ಡ್ ಮೊದಲ ಸಲ ಬಂದು ಕೂರುವ ಜಾಗ ನೋಡಿ, ಎರಡೂ ಸಲ ಸಮದ, ಅಂದರೆ ಆವರ್ತನದ ಮೊದಲ ಮಾತ್ರೆಯ ಮೇಲೆಯೇ. ಹೀಗೆ ಹಿಡಿದುಕೊಂಡರೆ ಬಾರ್ ಎಣಿಸುವ ಗೋಜೇ ಇಲ್ಲ. ಮೆಟ್ರೊನೋಮ್ ಬದಲು ತಬಲಾ ಆ್ಯಪಿನಲ್ಲಿ ತೀನ್‌ತಾಲ ಹಾಕಿಕೊಂಡರೂ ನಡೆಯುತ್ತದೆ.

ನುಡಿಸುವುದು ಹೀಗೆ. ಎ ಕಾರ್ಡಿಗೆ: ಎ ತಂತಿ ಒತ್ತದೆ ಹಾಗೇ, ಜೊತೆಗೆ ಡಿ ತಂತಿಯ 2ನೇ ಫ್ರೆಟ್, ಎರಡು ಹೊಡೆತ. ಆಮೇಲೆ ಡಿ ತಂತಿಯ 4ನೇ ಫ್ರೆಟ್, ಎರಡು ಹೊಡೆತ. ಮತ್ತೆ ಮತ್ತೆ. ಡಿ ಕಾರ್ಡಿಗೆ ಬಂದಾಗ ಅದೇ ಆಕಾರವನ್ನು ಡಿ ಮತ್ತು ಜಿ ತಂತಿಗೆ ಇಳಿಸಿ. ಇ ಕಾರ್ಡಿಗೆ ಬಂದಾಗ ದಪ್ಪ ಇ ಮತ್ತು ಎ ತಂತಿಗೆ ಏರಿಸಿ. ಒಂದೇ ಆಕಾರ, ಮೂರು ಜಾಗ. ಇಷ್ಟು ಕೈಗೆ ಬಂದರೆ ಯಾರ ಜೊತೆಗಾದರೂ ಕೂತು ನುಡಿಸಬಹುದು.

ಐದು ಸ್ವರ, ಒಂದು ಎಳೆತ

ಈಗ ಮುಖ್ಯ ಸಂಗತಿ. ಗಿಟಾರ್ ಕಲಿಸುವ ಹೆಚ್ಚಿನವರು ಮೊದಲು ತೋರಿಸುವ ಸ್ಕೇಲ್ (ಸ್ವರಗಳ ಸಾಲು) ಮೈನರ್ ಪೆಂಟಾಟಾನಿಕ್. ಅದರ ಸ್ವರಗಳು ಸ, ಕೋಮಲ ಗ, ಮ, ಪ, ಕೋಮಲ ನಿ. ಅಂದರೆ ಧಾನಿ ರಾಗದ ಸ್ವರಗಳು. ಮೇಜರ್ ಪೆಂಟಾಟಾನಿಕ್ ತೆಗೆದುಕೊಂಡರೆ ಭೂಪ್ ರಾಗದವು. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಆಗಲಿಲ್ಲ, ಸಂಗೀತ ಬಲ್ಲವರು ನನ್ನನ್ನು ಹಿಡಿದು ಕೇಳಬೇಡಿ. ಆದರೆ ಹಾಡಿಕೊಂಡು ಬೆರಳಿಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎ ಅನ್ನು ಸ ಅಂತ ಇಟ್ಟುಕೊಳ್ಳಿ, ಹಾರ್ಮೋನಿಯಂನವರ ಮಾತಿನಲ್ಲಿ ಬಿಳಿ 6. ದಪ್ಪ ಇ ತಂತಿಯಲ್ಲಿ 5ನೇ ಫ್ರೆಟ್ ಸ, 8ನೆಯದು ಗ. ಎ ತಂತಿಯಲ್ಲಿ 5 ಮ, 7 ಪ. ಡಿ ತಂತಿಯಲ್ಲಿ 5 ನಿ, 7 ಮೇಲಿನ ಸ. ಜಿ ತಂತಿಯಲ್ಲಿ 5 ಗ, 7 ಮ. ಬಿ ತಂತಿಯಲ್ಲಿ 5 ಪ, 8 ನಿ. ತೆಳು ಇ ತಂತಿಯಲ್ಲಿ ಮತ್ತೆ 5 ಸ, 8 ಗ. ಬಾಯಲ್ಲಿ ಹಾಡುತ್ತಾ ಏರಿ, ಹಾಡುತ್ತಾ ಇಳಿಯಿರಿ. ಹಾಡದೆ ಬೆರಳು ಓಡಿಸಿದರೆ ಬೆರಳು ಮಾತ್ರ ಕಲಿಯುತ್ತದೆ.

ಇನ್ನು ಎಳೆತ. ತಂಬೂರಿ ಆ್ಯಪಿನಲ್ಲಿ ಎ ಶ್ರುತಿ ಹಾಕಿ, ಸ-ಪ ನುಡಿಯುತ್ತಿರಲಿ. ಜಿ ತಂತಿಯ 7ನೇ ಫ್ರೆಟ್ಟಿನ ಮೇಲೆ ಉಂಗುರ ಬೆರಳು ಇಡಿ, ಅದು ಮ. ಅದರ ಹಿಂದೆ ನಡುಬೆರಳು, ತೋರುಬೆರಳು ಆಸರೆಗೆ ಇರಲಿ. ಹೆಬ್ಬೆರಳು ನೆಕ್ಕಿನ ಮೇಲಂಚಿಗೆ ಬರಲಿ. ಈಗ ತಂತಿಯನ್ನು ಮೇಲಕ್ಕೆ, ನಿಮ್ಮ ಮುಖದ ಕಡೆಗೆ ತಳ್ಳಿ. ಬಲ ಬೆರಳಿನದಲ್ಲ, ಮಣಿಕಟ್ಟಿನ ತಿರುವಿನದು. ಮ ಏರುತ್ತಾ ಪ ಮುಟ್ಟಬೇಕು. ಮುಟ್ಟಿತಾ? ಪರೀಕ್ಷೆ ಸುಲಭ. ಬಿ ತಂತಿಯ 5ನೇ ಫ್ರೆಟ್ ಪ ತಾನೇ? ಎಳೆಯುತ್ತಲೇ ಅದನ್ನೂ ಒಟ್ಟಿಗೆ ನುಡಿಸಿ. ಶ್ರುತಿ ಮಾಡುವಾಗ ಕೇಳಿದ ಆ ನಡುಗುವ ಅಲೆ ಇನ್ನೂ ಕೇಳಿಸಿದರೆ ಮುಟ್ಟಿಲ್ಲ. ಅಲೆ ನಿಂತರೆ ಮುಟ್ಟಿದಿರಿ.

ಮೊದಮೊದಲು ಎಲ್ಲರೂ ಅರ್ಧದಲ್ಲೇ ನಿಲ್ಲುತ್ತಾರೆ, ತೀವ್ರ ಮಧ್ಯಮದ ಹತ್ತಿರ ಎಲ್ಲೋ. ಅದು ಬೇಸುರ ಅಂತ ಪಾಠವಿಲ್ಲದೆಯೇ ಗೊತ್ತಾಗುತ್ತದಲ್ವಾ? ಅದೇ ನಾನು ಹೇಳಿದ ಲಾಭ. ಮುಟ್ಟಿದ ಮೇಲೆ ಅಲ್ಲೇ ಹಿಡಿದು ನಿಲ್ಲಿ. ಆಮೇಲೆ ಸದ್ದಿಲ್ಲದೆ ಮೊದಲೇ ಎಳೆದಿಟ್ಟು, ನುಡಿಸಿ, ಪ ಸ್ವರದಿಂದ ಮ ಸ್ವರಕ್ಕೆ ಇಳಿಸಿ. ಇಳಿಯುವ ಮೀಂಡ್ ಏರುವುದಕ್ಕಿಂತ ಚೆಂದ, ಇದು ನನ್ನ ಅಭಿಪ್ರಾಯ.

ಇದರಷ್ಟೇ ರುಚಿಯ ಇನ್ನೊಂದು ಜಾಗ ಇದೆ. ಜಿ ತಂತಿಯ 5ನೇ ಫ್ರೆಟ್ಟಿನ ಕೋಮಲ ಗಾಂಧಾರವನ್ನು ಒಂದು ಚೂರು, ಶುದ್ಧ ಗಾಂಧಾರ ಮುಟ್ಟದಷ್ಟು ಎಳೆಯಿರಿ. ಬ್ಲೂಸ್‌ನ ಅಳಲು ಇರೋದು ಅಲ್ಲೇ. ದರಬಾರಿಯ ಆಂದೋಲಿತ ಗಾಂಧಾರ ಕೇಳಿದವರಿಗೆ, ಹಾರ್ಮೋನಿಯಂನ ಎರಡು ಪಟ್ಟಿಗಳ ನಡುವೆಯೂ ಸ್ವರ ಇದೆ ಅನ್ನುವುದು ಹೊಸ ಸುದ್ದಿಯಲ್ಲ.

ಪೆಡಲ್, ಮಳೆ, ಬಿಸಿಲು

ಪೆಡಲ್, ಅಂದರೆ ಗಿಟಾರಿಗೂ ಆಂಪಿಗೂ ನಡುವೆ ಸೇರಿಸಿ ಸದ್ದು ಬದಲಿಸುವ ಡಬ್ಬಿ, ಕೊಳ್ಳಲು ಅವಸರ ಬೇಡ. ಮೊದಲು ಸದ್ದನ್ನು ತುಸು ಒರಟು ಮಾಡುವ ಓವರ್‌ಡ್ರೈವ್, ಆಮೇಲೆ ಡಿಲೇ. ಡಿಲೇ ಏನು ಮಾಡುತ್ತದೆ ಅಂತ ಯಾರಾದರೂ ಕೇಳಿದರೆ ವಿಜಯಪುರದ ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿ ಮೇಲಿನ ಪಡಸಾಲೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಪೆಡಲ್ ಮಾಡೋದೂ ಅಷ್ಟೇ, ಮರಳಿ ಬರುವ ಸದ್ದಿನ ಅಂತರ ಮತ್ತು ಎಣಿಕೆ ನಿಮ್ಮ ಕೈಯಲ್ಲಿರುತ್ತದೆ.

ಬೆಳಗಾವಿಯ ಮಳೆಗಾಲದಲ್ಲಿ ತಂತಿಗೆ ತುಕ್ಕು ಬೇಗ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಉಲ್ಟಾ. ಮರ ಒಣಗಿ ಕುಗ್ಗುತ್ತದೆ, ಫ್ರೆಟ್ಟಿನ ತುದಿಗಳು ನೆಕ್ಕಿನ ಅಂಚಿನಿಂದ ಹೊರಬಂದು ಕೈಗೆ ಚುಚ್ಚುತ್ತವೆ. ಅಲ್ಲಿಯವರು ಗಿಟಾರನ್ನು ಗೋಡೆಗೆ ನೇತು ಹಾಕದೆ ಚೀಲದೊಳಗೇ ಇಡಲಿ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಬೇಡವೇ ಬೇಡ.

ಈಗ ವಾದ

"ಲೇ ದೋಸ್ತ, ಹೆಂಡ್ರಿಕ್ಸ್ ಮುಂದ ಯಾರಿಲ್ಲ ನೋಡು." ಶುರುವಾಗೋದು ಹೀಗೆ. ಇದಕ್ಕೆ ಪುರಾವೆ ಅಂತ ರೋಲಿಂಗ್ ಸ್ಟೋನ್ ಪತ್ರಿಕೆಯ ಪಟ್ಟಿ ಬರುತ್ತದೆ. 2003, 2011, 2023 ಮೂರರಲ್ಲೂ ಜಿಮಿ ಹೆಂಡ್ರಿಕ್ಸ್ ಮೊದಲು, ನಿಜ. ಆದರೆ ಪಟ್ಟಿ ತೋರಿಸಿದರೆ ವಾದ ಮುಗಿಯಿತೇ ಹೊರತು ಯಾರಿಗೂ ಏನೂ ಬರಲಿಲ್ಲ.

ನಮ್ಮ ಕಟ್ಟೆಗೆ ನಾನು ಸೂಚಿಸುವ ನಿಯಮ ಇಷ್ಟೇ: ಹೆಸರು ಹೇಳುವವರು ಆ ಗಿಟಾರಿಸ್ಟ್ ಮಾಡಿದ ಒಂದು ಕೆಲಸ ತೋರಿಸಬೇಕು, ಕೇಳಿಸಿ ಅಥವಾ ನುಡಿಸಿ. "ಫೀಲ್ ಇದೆ" ಅಂದರೆ ಸಾಲದು. ಫೀಲ್ ಎಲ್ಲಿದೆ? ಯಾವ ಸ್ವರದಲ್ಲಿ? ತಾಳಕ್ಕಿಂತ ತುಸು ಹಿಂದೆ ನಿಂತದ್ದರಲ್ಲಾ, ಕಂಪನದಲ್ಲಾ?

ಹಾಗೆ ನೋಡಿದರೆ ವಾದಕ್ಕೆ ಸಾಮಾನು ಸಿಗುತ್ತದೆ. ಹೆಂಡ್ರಿಕ್ಸ್ ಎಡಚ. ಬಲಗೈಯವರ ಸ್ಟ್ರಾಟೊಕಾಸ್ಟರ್ ತಿರುಗಿಸಿ ಹಿಡಿದರು. 1966ರಿಂದ 1970ರ ಸಾವಿನವರೆಗಿನ ಚಿಕ್ಕ ಅವಧಿಯಲ್ಲೇ ಅಷ್ಟೆಲ್ಲ ಮಾಡಿದ್ದು. ಆದರೆ ಗಿಟಾರಿಗೆ ಬೆಂಕಿ ಹಚ್ಚಿದ್ದು, ಫೀಡ್‌ಬ್ಯಾಕ್ ಅನ್ನುವ ಆಂಪಿನ ಕೂಗು ಬದಿಗಿಟ್ಟು ಅವರ ನಿಧಾನದ ಹಾಡುಗಳಲ್ಲಿ ಕಾರ್ಡಿನ ನಡುವೆ ಪೋಣಿಸುವ ಪುಟ್ಟ ಸ್ವರಗಳನ್ನು ಕೇಳಿ, ಕಲಿಯೋಕೆ ಅಲ್ಲಿ ಜಾಸ್ತಿ ಇದೆ. ಎಡ್ಡಿ ವಾನ್ ಹೇಲನ್ 1978ರಲ್ಲಿ ಎರಡೂ ಕೈಯಿಂದ ಫ್ರೆಟ್ ಬಡಿಯುವ ಟ್ಯಾಪಿಂಗನ್ನು ಮನೆಮಾತು ಮಾಡಿದರು. ಅವರೇ ಕಂಡುಹಿಡಿದರು ಅನ್ನೋದು ತಪ್ಪು, ಮೊದಲೂ ಮಾಡಿದವರಿದ್ದರು. ವೇಗದ ಅಭಿಮಾನಿಗಳು ಮರೆಯೋದು ಅವರ ರಿದಮ್ ಕೈಯನ್ನು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರು ನಮ್ಮ ಕಟ್ಟೆಗಳಲ್ಲಿ ಕೇಳಿಸೋದೇ ಇಲ್ಲ. ರಾಕ್ ಅಂಡ್ ರೋಲ್ ಅನ್ನುವ ಹೆಸರು ಹರಡುವ ಮೊದಲೇ ದೇವರ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತ ಹೆಣ್ಣುಮಗಳು. ಅವರಿಲ್ಲದ ಪಟ್ಟಿಯನ್ನು ನಾನಂತೂ ಒಪ್ಪೋದಿಲ್ಲ.

ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಐಯೋಮಿ ವಿಷಯ ಬಂದಾಗ ಯಾರಾದರೂ "ಮೂರು ಕಾರ್ಡ್ ಮನುಷ್ಯ" ಅನ್ನುತ್ತಾರೆ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಯಂತ್ರ ಅವರ ಎರಡು ಬೆರಳಿನ ತುದಿ ಕತ್ತರಿಸಿತು. ಪ್ಲಾಸ್ಟಿಕ್ ಕರಗಿಸಿ ತುದಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್‌ನ ಭಾರದ ಸದ್ದು ಬೆಳೆದದ್ದು ಆ ಬೆರಳುಗಳಿಂದ. ಇದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ನೆನಪಾಗುತ್ತಾರೆ. ಕ್ಷಯದಿಂದ ಶ್ವಾಸಕೋಶ ಕೆಟ್ಟ ಮೇಲೆ ಉದ್ದ ತಾನಿನ ಬದಲು ತುಂಡು ತುಂಡು ಸ್ವರಗುಚ್ಛಗಳಲ್ಲಿ ಹಾಡಿ, ಅದನ್ನೇ ತಮ್ಮ ದಾರಿ ಮಾಡಿಕೊಂಡರು. "ಇಬ್ಬರನ್ನೂ ಒಂದೇ ಸಾಲಿನಲ್ಲಿ ಹೇಳ್ತೀರಲ್ಲ" ಅಂತ ಎರಡೂ ಕಡೆಯವರು ಬೈಯುತ್ತಾರೆ. ಬೈಯಲಿ.

ಭಾರತದವರ ಹೆಸರೂ ಮೇಜಿನ ಮೇಲೆ ಬರಲಿ. 1967ರ 'ಕಾಲ್ ಆಫ್ ದ ವ್ಯಾಲಿ' ಆಲ್ಬಮ್ಮಿನಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ಗಿಟಾರ್ ನುಡಿಸಿದ ಬ್ರಿಜ್ ಭೂಷಣ್ ಕಾಬ್ರಾ ಅವರದು ಒಂದು ಹೆಸರು. ಎಲೆಕ್ಟ್ರಿಕ್ ಗಿಟಾರಿಗೆ ಕರ್ನಾಟಕ ಸಂಗೀತದ ಗಮಕ ತಂದ ಕೇರಳದ ಬೈಜು ಧರ್ಮಜನ್ ಇದ್ದಾರೆ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ ಇದ್ದಾರೆ, ಅವರು ಹಾಡುತ್ತಲೇ ನುಡಿಸುವುದನ್ನು ನೋಡಬೇಕು.

ನನ್ನ ಮತ ಯಾರಿಗೆ? ಇಬ್ಬರಿಗೆ. ಒಬ್ಬರು ಬಿ.ಬಿ. ಕಿಂಗ್. ಕಾರ್ಡ್ ನುಡಿಸುವುದು ತನ್ನ ಕೆಲಸವಲ್ಲ ಅಂತ ಅವರೇ ಹೇಳಿಕೊಂಡಿದ್ದರು. ಒಂದು ಸ್ವರ ಎಳೆದು, ಮಣಿಕಟ್ಟು ಅಲುಗಿಸಿದರೆ ಯಾರು ನುಡಿಸಿದ್ದು ಅಂತ ಅಷ್ಟಕ್ಕೇ ಗೊತ್ತಾಗುತ್ತಿತ್ತು. ಇನ್ನೊಬ್ಬರು ಜೆಫ್ ಬೆಕ್. ಪಿಕ್ (ಮೀಟುವ ಚಿಪ್ಪು) ಬಿಟ್ಟು ಬೆರಳಿನಿಂದಲೇ ಮೀಟಿ, ಕಿರುಬೆರಳಲ್ಲಿ ವಾಲ್ಯೂಮ್ ತಿರುಗಿಸುತ್ತಾ, ಬ್ರಿಜ್ ಅಲುಗಿಸುವ ಟ್ರೆಮೊಲೊ ಬಾರ್ ಅನ್ನುವ ಹಿಡಿಕೆಯಿಂದ ಸ್ವರವನ್ನು ಜಾರಿಸುತ್ತಿದ್ದರು. ನಿತಿನ್ ಸಾಹ್ನಿ ಅವರ 'ನಾದಿಯಾ'ವನ್ನು ಅವರು ನುಡಿಸಿದ್ದಾರೆ. ಮೂಲದಲ್ಲಿ ಅದು ಹೆಣ್ಣುದನಿಯ ಹಾಡು. ಬೆಕ್ ಆ ಕಂಠದ ಮುರ್ಕಿಗಳನ್ನೆಲ್ಲ ಗಿಟಾರಿನಿಂದ ತೆಗೆಯುತ್ತಾರೆ.

ಒಪ್ಪದಿದ್ದರೆ ಒಳ್ಳೆಯದೇ. ಮೊದಲು ಆ ಧುನ್ ಹಾಕಿ, ಶುರುವಿನ ಒಂದು ಸಾಲನ್ನು ಬಾಯಲ್ಲಿ ಹಾಡಿಕೊಳ್ಳಿ. ಆಮೇಲೆ ಒಂದೇ ತಂತಿಯ ಮೇಲೆ ಎಳೆತದಿಂದ ತೆಗೆಯಲು ನೋಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ರೆಕಾರ್ಡಿಂಗ್ ಹಿಡಿದುಕೊಂಡೇ ಕಟ್ಟೆಗೆ ಬನ್ನಿ, ಚಹಾ ನಾನು ಹೇಳುತ್ತೇನೆ.